ಕಾಮಲತೆಯು ಮಾಯೆಯಾದುದು

ಮನೆಯ ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಹ್ಯಾರಿ ಪಾಟರನೆಂಬ ಮಂತ್ರವಿದ್ಯೆಯ ಬಾಲಕನ ಚಲಚ್ಚಿತ್ರಗಳನ್ನು ಸಾಲಾಗಿ ನೋಡಬೇಕಾಯಿತು. 2001 ಮತ್ತು 2002ರ ಮೊದಲೆರಡನ್ನು ಕ್ರಿಸ್ ಕೊಲಂಬಸನೂ 2004ರ ಮೂರನೆಯದನ್ನು ಅಲ್ಫಾನ್ಸೋ ಕ್ವಾರೋನನೂ ನಿರ್ದೇಶಿಸಿರುವರು. ಹುಡುಗರು ಅವರೇ, ಪಾಠಶಾಲೆಯೂ ಅದೇ. ಆದರೆ ಮೂರನೆಯದರಲ್ಲಿ ಬೆಳಕು ಕಂದಿ, ಬಾಲಲೀಲೆಯಂತಿದ್ದ ಕಥೆಗೆ ಭಯವೂ ವಿಷಾದವೂ ಕೂಡಿಕೊಂಡಿವೆ. ಶಿಕಾರಿಪುರ ಸೊರಬಗಳ ನಮ್ಮ ಸೀಮೆಯ ಅದ್ಭುತಕಥೆಯೊಂದಕ್ಕೂ ಸೂತ್ರಧಾರನು ಬದಲಾದಾಗ ಹೀಗೆಯೇ ಆಯಿತೆಂಬುದನ್ನು ವಾಚಕರಲ್ಲಿ ನಿವೇದಿಸಬಯಸುತ್ತೇನೆ.

12ನೆಯ ಶತಮಾನದ ಅಲ್ಲಮಪ್ರಭುವಿನ ಊರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಶರಣರ ಕಾಲಕ್ಕೆ ಸಮೀಪದವನಾದ ಹರಿಹರನು ತನ್ನ ಪ್ರಭುದೇವರ ರಗಳೆಯಲ್ಲಿ ಚಿತ್ರಿಸಿರುವ ಅಲ್ಲಮನು ನಮ್ಮಂತೆಯೇ ಮನುಷ್ಯನು. ಕಾಮಲತೆಯೆಂಬ ತರುಣಿಯನ್ನು ಒಲಿದು ಕೂಡಿ ಬಾಳುತ್ತಿರಲು, ಅವಳು ಜ್ವರದಿಂದ ತೀರಿಕೊಳ್ಳುವಳು. ಶೋಕದಿಂದ ಹುಚ್ಚನಂತೆ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ, ಹೂತುಹೋದ ಗುಡಿಯ ಹೊನ್ನಕಳಶವು ಅವನಿಗೆ ತಗುಲುವುದು. ಅಗೆದು ಒಳಹೊಕ್ಕು ಅನಿಮಿಷಯ್ಯನನ್ನು ಕಂಡು, ಅವನ ಕರದಲ್ಲಿದ್ದ ಲಿಂಗವನ್ನು ಪಡೆಯುವನು.

15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನು ಪ್ರಭುಲಿಂಗಲೀಲೆಯನ್ನು ಕೈಲಾಸದಿಂದಲೇ ಆರಂಭಿಸಿದನು. ಪಾರ್ವತಿಯ ತಾಮಸಕಳೆಯು ಸೊರಬದ ಗಡಿಯಾಚೆಯ ಬನವಾಸಿಯಲ್ಲಿ ಮಮಕಾರನಿಗೂ ಮೋಹಿನಿಗೂ ಮಾಯೆಯೆಂಬ ಮಗಳಾಗಿ ಹುಟ್ಟುವುದು. ಅಲ್ಲಮನು ಮಧುಕೇಶ್ವರನ ಸನ್ನಿಧಿಯಲ್ಲಿ ಮದ್ದಳೆ ಬಾರಿಸುವನು, ಅವಳು ಕುಣಿಯುವಳು. ಹಿಡಿಯಹೋದರೆ ಅವನು ಸಿಕ್ಕನು. ಇಲ್ಲಿ ಪ್ರಭುವಿಗೆ ಮೋಹವೂ ಇಲ್ಲ, ಶೋಕವೂ ಇಲ್ಲ. ಸಾತ್ತ್ವಿಕಕಳೆಯು ನಮ್ಮ ಉಡುತಡಿಯ ಅಕ್ಕಮಹಾದೇವಿಯಾಯಿತೆಂದು ಹೆಣೆದಿರುವ ಚಾತುರ್ಯವನ್ನಂತೂ ಮೆಚ್ಚಲೇಬೇಕು.

ಕಥೆಯನ್ನು ಬದಲಿಸುವುದೇ ದೋಷವೆಂದು ನಾನು ಹೇಳೆನು. ಮಹಾಭಾರತದ ಶಕುಂತಲೆಗೆ ದೂರ್ವಾಸರ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅವೆರಡೂ ನಾಟಕದ ಕಾಳಿದಾಸನಲ್ಲಿವೆ. ಚಾಮರಸನಲ್ಲಿ ತೊಡಕು ಬೇರೆಡೆ ಇದೆ. ತೋಟವನ್ನೂ ನೆಲದೊಳಗಿನ ಅನಿಮಿಷನನ್ನೂ ಅವನು ಬಿಡದೆ ಉಳಿಸಿಕೊಂಡನು; ಆದರೆ ಅಲ್ಲಮನನ್ನು ಅಲ್ಲಿಗೆ ಎಳೆತಂದಿದ್ದ ದುಃಖವನ್ನು ತೆಗೆದುಹಾಕಿದನು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನು, “ಮೇಷ್ಟ್ರೇ, ಮಾಯೆಯನ್ನೇ ಗೆದ್ದವನಿಗೆ ಗುರು ಏಕೆ ಬೇಕು?” ಎಂದು ಕೇಳಿದ್ದನು. “ಲೋಕಶಿಕ್ಷಣಕ್ಕಾಗಿ” ಎಂದು ಗದರಿಸಿ ಕುಳ್ಳಿರಿಸಿದೆನು. ಭಾಮಿನಿಯ ಓಟಕ್ಕೆ ಮನಸೋತಿದ್ದ ನಾನು ಆಗ ರಗಳೆಯನ್ನು ಓದಿಯೇ ಇರಲಿಲ್ಲ. ಓದಿದ ಮೇಲೆ, ಆ ಹುಡುಗನು ಚಾಮರಸನ ಹೊಲಿಗೆ ಬಿಟ್ಟ ಜಾಗದಲ್ಲಿಯೇ ಬೆರಳಿಟ್ಟಿದ್ದನೆಂದು ತಿಳಿಯಿತು. ಈ ಮಾತನ್ನು ಅವನಿಗೆ ಹೇಳುವ ಅವಕಾಶವು ಒದಗಲಿಲ್ಲ.

ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಸಂವಾದವಾಗಿ ಪೋಣಿಸಿದ ಶೂನ್ಯಸಂಪಾದನೆಯನ್ನೂ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಇವರು ಒಬ್ಬರಾದ ಮೇಲೊಬ್ಬರು ತಿದ್ದಿ ಬೆಳೆಸಿದರು. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ. ಆದರೆ ಜನರ ನಾಲಗೆಯ ಮೇಲೆ ನಿಂತ ಕಥೆಯು ಚಾಮರಸನದೇ. 2017ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದ ‘ಅಲ್ಲಮ’ ಚಲಚ್ಚಿತ್ರವು ತೆರೆಕಂಡಿತು. ಅದರಲ್ಲಿಯೂ ಅಲ್ಲಮನೆದುರು ನಿಂತವಳು ಮಾಯೆಯೇ.