ಸೈನೈಡ್ ದಿಬ್ಬದ ಧೂಳು, ಕಲ್ಲಿದ್ದಲಿನ ಹೊಗೆ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದವರಿಗೆ ಕೆಜಿಎಫ್ ಹತ್ತಿರವಾಗುತ್ತಿದ್ದಂತೆ ಸೈನೈಡ್ ದಿಬ್ಬಗಳು ಕಾಣತೊಡಗುತ್ತವೆ. ಅದಿರು ಅರೆದು ಚಿನ್ನ ಬಸಿದುಕೊಂಡ ಮೇಲೆ ಉಳಿದ ಹಿಟ್ಟಿನಂಥ ಮಣ್ಣು ಅದು. ಗಾಳಿ ಎದ್ದರೆ ಕಿಟಕಿ ಸರಳಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ಶುರುಮಾಡಿತು, 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬೀಗ ಹಾಕಿತು. ಒಡೆಯರು ಬದಲಾದರು, ದಿಬ್ಬ ಕದಲಲಿಲ್ಲ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಕಲ್ಲಿದ್ದಲು, ತೈಲ ಕಂಪನಿಗಳನ್ನು ಹೊಣೆ ಮಾಡುವ ಇವತ್ತಿನ ಚರ್ಚೆಗೆ ಈ ಊರು ಹಳೆಯ ಸಾಕ್ಷಿ: ಲೆಕ್ಕ ಕೇಳುವುದಾದರೆ ಕಂಪನಿ ನಡೆಯುತ್ತಿರುವಾಗಲೇ ಕೇಳಬೇಕು.

ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ದೇಶದಲ್ಲಿ ಮೊದಲು ದಾಖಲಾದದ್ದು 1934ರಲ್ಲಿ, ಇದೇ ಗಣಿಗಳಲ್ಲಿ. ಕೆಮ್ಮು ಕ್ಷಯದ್ದೋ ಕಲ್ಲುಧೂಳಿನದ್ದೋ ಎಂದು ಬಿಡಿಸಿ ಹೇಳುವವರೆಗೆ ಯಾರ ಮೇಲೂ ಹೊಣೆ ಹೊರಿಸಲಾಗದು. 1940ರಿಂದ 46ರವರೆಗಿನ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ 3,402 ಮಂದಿಯಲ್ಲಿ ರೋಗ ಕಂಡಿತು. ಹವಾಮಾನ ವಿಜ್ಞಾನ ಇಂಥ ಎಣಿಕೆಗೆ ಬಂದದ್ದು ತಡವಾಗಿ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಕಾಯುತ್ತದೆಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. ಆದರೆ ಆ ಹೊಗೆಯನ್ನು ಕಂಪನಿಗಳ ಖಾತೆಗೆ ಬರೆದದ್ದು ಸಂಶೋಧಕ ರಿಚರ್ಡ್ ಹೀಡಿ, ಅದೂ 2013ರಲ್ಲಿ. 1751ರಿಂದ 2010ರವರೆಗಿನ ಕೈಗಾರಿಕಾ ಇಂಗಾಲ, ಮೀಥೇನ್‌ನಲ್ಲಿ ಶೇ 63ರಷ್ಟು ಬರೀ 90 ಸಂಸ್ಥೆಗಳದ್ದು ಎಂದು ಅವರ ಲೆಕ್ಕ. (ಪಟ್ಟಿಯಲ್ಲಿ ನಮ್ಮ ಕೋಲ್ ಇಂಡಿಯಾವೂ ಇದೆ, ಪರದೇಶದವರ ಪಾಪವೆಂದು ಕೈತೊಳೆದುಕೊಳ್ಳುವಂತಿಲ್ಲ.) ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1977ರಿಂದ ಹಾಕಿದ್ದ ತಾಪಮಾನದ ಅಂದಾಜು ಬಹುಪಾಲು ಸರಿಯಾಗಿತ್ತೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನ ತೋರಿಸಿತು. ಹೊರಗೆ ಮಾತ್ರ ಕಂಪನಿ ಅನುಮಾನ ಬಿತ್ತುತ್ತಲೇ ಇತ್ತು.

ಕೋರ್ಟುಗಳ ನಡಿಗೆ ಇನ್ನೂ ನಿಧಾನ. ಕೆಡಿಸಿದವನೇ ತೆರಬೇಕೆಂಬ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹವಾಮಾನದ ಹಾನಿಯ ಮಾತಿಗೆ ಬಂದರೆ, ಪೆರುವಿನ ರೈತನೊಬ್ಬ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ 2015ರಲ್ಲಿ ಹೂಡಿದ ದಾವೆ 2025ರ ಮೇನಲ್ಲಿ ಬಿದ್ದುಹೋಯಿತು. ಆದರೂ ಹೊಗೆ ಬಿಟ್ಟವರು ದೂರದ ಹಾನಿಗೂ ತಾತ್ವಿಕವಾಗಿ ಹೊಣೆಯಾಗಬಲ್ಲರು ಎಂದು ದಾವೆ ಕೇಳಿದ ಜರ್ಮನಿಯ ಹ್ಯಾಮ್‌ನ ಕೋರ್ಟು ಹೇಳಿದೆ. ಅದನ್ನು ಬರೀ ಸೋಲು ಎನ್ನಲು ನನಗೆ ಮನಸ್ಸಿಲ್ಲ. ಉರಿಸಿದವರು ನಾವು, ಮಾರಿದವರ ಮೇಲೇಕೆ ಸಿಟ್ಟು ಎನ್ನುವವರಿದ್ದಾರೆ. ಕೆಜಿಎಫ್ ಚಿನ್ನದ ಬಳೆ ತೊಟ್ಟವರನ್ನು ದಿಬ್ಬ ತೆರವು ಮಾಡಿ ಎಂದು ಯಾರೂ ಕೇಳಲಿಲ್ಲವಲ್ಲ. ಬಳಸಿದವರಿಗೂ ಒಂದು ಪಾಲಿದೆ, ಒಪ್ಪೋಣ. ಗೊತ್ತಿದ್ದೂ ಮುಚ್ಚಿಟ್ಟವರ ಪಾಲು ಬೇರೆಯೇ. ದಂಡ ಹಾಕಿದರೆ ಕೆಲಸ ಹೋಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಈ ಊರಿಗೆ ಕೆಲಸ ಹೋಗುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಗಣಿ ಮುಚ್ಚಿಸಿದ್ದು ಯಾವ ದಂಡವೂ ಅಲ್ಲ. ಅಷ್ಟು ಆಳದಿಂದ ಚಿನ್ನ ಎತ್ತುವ ಖರ್ಚು ಹುಟ್ಟುವಳಿಯನ್ನು ಮೀರಿತ್ತು. ಕಲ್ಲಿದ್ದಲಿಗೂ ಅಂಥ ದಿನ ಬರುತ್ತದೆ. ಅದರ ಗಣಿಗಳಿಗೆ 2009ರ ಮಾರ್ಗಸೂಚಿಯಿಂದ, ಮುಚ್ಚುವ ಖರ್ಚನ್ನು ಮೊದಲೇ ಕಟ್ಟಿಡುವ ಎಸ್ಕ್ರೋ ಖಾತೆ ಬಂದಿದೆ, ನಿಜ. ಆ ದುಡ್ಡು ಗುಂಡಿ ಮುಚ್ಚುವುದಕ್ಕೆ, ಹೊಗೆಗೆ ಅದರಲ್ಲಿ ಪೈಸೆಯೂ ಇಲ್ಲ. ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ಹಳೆಯ ಹೊಗೆಗೂ ವಸೂಲಿ ಮಾಡುವ ಕಾನೂನು ತಂದಿತು.

ಅದೇ ವರ್ಷ ಜೂನ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕೆಜಿಎಫ್‌ನ 13 ದಿಬ್ಬಗಳನ್ನು, ಅವುಗಳಲ್ಲಿ ಉಳಿದ ಚಿನ್ನಕ್ಕಾಗಿ, ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಮತ್ತೆ ಏಳುವ ಧೂಳಿಗೆ ಹೊಣೆ ಯಾರು, ಅದಕ್ಕೆ ಎಷ್ಟು ಹಣ ಮೊದಲೇ ಕಟ್ಟಬೇಕು ಎಂಬುದನ್ನು ಹರಾಜಿನ ಷರತ್ತಿನಲ್ಲೇ ಬರೆಸಿಕೊಳ್ಳಲಿ.