ಬಾಡಿದ ತಂತ್ರವಿದ್ಯೆಯ ಫಲ: ಗೇಮ್ ಬಾಯ್ ಯಂತ್ರದ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅದನ್ನು ಸಾಮಾನ್ಯವಾಗಿ ಏಣಿಯ ಮೆಟ್ಟಿಲುಗಳಂತೆ ಬಗೆಯುತ್ತಾರೆ. ಹಿಂದಿನದಕ್ಕಿಂತ ಮುಂದಿನದು ಬಲವತ್ತರವಾದುದು, ಬಲವತ್ತರವಾದುದೇ ಉಳಿಯತಕ್ಕದ್ದು ಎಂಬ ನಂಬಿಕೆ ಅಂಥ ಬರವಣಿಗೆಯ ತಳಹದಿ. ಈ ನಂಬಿಕೆ ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಜಪಾನಿನ ನಿಂಟೆಂಡೊ ಸಂಸ್ಥೆಯು 1989ರಲ್ಲಿ ಹೊರತಂದ ‘ಗೇಮ್ ಬಾಯ್’ ಎಂಬ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಆಟದ ಯಂತ್ರವು ಒಳ್ಳೆಯ ನಿದರ್ಶನವಾಗಿದೆ. ಆಟಿಕೆಯ ಚರಿತ್ರೆ ವಿದ್ವಾಂಸರಿಗೆ ತಕ್ಕ ವಿಷಯವೇ ಎಂದು ಕೆಲವರು ಶಂಕಿಸಬಹುದು. ಕೋಟ್ಯಂತರ ಜನರ ಕೈ ಸೇರಿದ ವಸ್ತುವನ್ನು ಚರಿತ್ರಕಾರನು ಕಡೆಗಣಿಸಲಾಗದೆಂಬುದು ನಮ್ಮ ಅಭಿಪ್ರಾಯ.

ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳುಳ್ಳ ‘ಹನಾಫುದಾ’ ಎಂಬ ಆಟದ ಎಲೆಗಳನ್ನು ತಯಾರಿಸುವ ಸಲುವಾಗಿ ಹುಟ್ಟಿತು. 1965ರಲ್ಲಿ ಗುಂಪೇ ಯೊಕೊಯಿ ಎಂಬ ತರುಣ ಎಂಜಿನಿಯರರು ಎಲೆ ತಯಾರಿಸುವ ಯಂತ್ರಗಳ ಉಸ್ತುವಾರಿಗಾಗಿ ಅಲ್ಲಿ ಸೇರಿದರು. ಬಿಡುವಿನಲ್ಲಿ ಅವರು ಮಾಡಿಕೊಂಡಿದ್ದ, ಚಾಚಿ ವಸ್ತುಗಳನ್ನು ಹಿಡಿಯಬಲ್ಲ ಇಕ್ಕುಳದಂತಹ ಆಟಿಕೆಯೊಂದು ಅಧ್ಯಕ್ಷ ಹಿರೋಷಿ ಯಮಾಉಚಿ ಅವರ ಕಣ್ಣಿಗೆ ಬಿದ್ದಿತು. ಅದು 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದು ಅಪಾರವಾಗಿ ಮಾರಾಟವಾಯಿತು. ಯಂತ್ರಗಳ ಮೇಲ್ವಿಚಾರಕರು ಆಟಿಕೆಗಳ ನಿರ್ಮಾಪಕರಾದುದು ಹೀಗೆ.

1970ರ ದಶಕದಲ್ಲಿ ಲೆಕ್ಕ ಮಾಡುವ ಕ್ಯಾಲ್ಕುಲೇಟರುಗಳ ತಯಾರಕರಲ್ಲಿ ಉಂಟಾದ ತೀವ್ರ ಪೈಪೋಟಿಯಿಂದ ದ್ರವಸ್ಫಟಿಕದ ತೆರೆಗಳು ಬಹಳ ಅಗ್ಗವಾದುವು. ಈ ತೆರೆಯನ್ನೇ ಬಳಸಿ ಯೊಕೊಯಿ ಅವರು 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಜೇಬಿನ ಆಟಗಳನ್ನು ರಚಿಸಿದರು. ತಮ್ಮ ಈ ವಿಧಾನವನ್ನು ಅವರು ‘ಬಾಡಿದ ತಂತ್ರವಿದ್ಯೆಯ ಪಾರ್ಶ್ವಚಿಂತನೆ’ ಎಂಬರ್ಥದ ಮಾತಿನಿಂದ ಕರೆದರು. ಇಲ್ಲಿ ಬಾಡಿದುದೆಂದರೆ ಸತ್ತುದಲ್ಲ. ಹೊಸತನ ಕಳೆದು, ದೋಷಗಳೆಲ್ಲ ತಿಳಿದು, ಬೆಲೆ ಇಳಿದು, ಚೆನ್ನಾಗಿ ಪಳಗಿದುದು. ಅಂಥದನ್ನು ಯಾರೂ ಎಣಿಸದ ಬೇರೊಂದು ಕೆಲಸಕ್ಕೆ ತಿರುಗಿಸುವುದೇ ಪಾರ್ಶ್ವಚಿಂತನೆ.

ಆದರೆ ಗೇಮ್ ಬಾಯ್ ಈ ಒಂದು ಸೂತ್ರದಿಂದಲೇ ಉದಿಸಿತೆಂದು ಹೇಳುವುದು ಪೂರ್ಣಸತ್ಯವಾಗಲಾರದು. ಗೇಮ್ ಅಂಡ್ ವಾಚಿನ ಒಂದೊಂದು ಯಂತ್ರವೂ ತನ್ನಲ್ಲಿ ಅಡಕವಾದ ಆಟವನ್ನಷ್ಟೇ ಆಡಿಸುತ್ತಿತ್ತು. ಬೇರೆ ಬೇರೆ ಆಟಗಳ ಕಾರ್ಟ್ರಿಜ್‌ಗಳನ್ನು ಸಿಕ್ಕಿಸಿ ಆಡುವ ಕೈಯಂತ್ರವನ್ನು ಅಮೆರಿಕದ ಮಿಲ್ಟನ್ ಬ್ರಾಡ್ಲಿ ಸಂಸ್ಥೆಯು 1979ರಲ್ಲಿಯೇ ‘ಮೈಕ್ರೊವಿಷನ್’ ಎಂಬ ಹೆಸರಿನಲ್ಲಿ ಹೊರತಂದಿತ್ತಾದರೂ ಅದರ ತೆರೆಯಲ್ಲಿ ಇದ್ದುದು 16×16 ಬಿಂದುಗಳು ಮಾತ್ರ. ಯೊಕೊಯಿ ಅವರ ಸಹೋದ್ಯೋಗಿ ಸತೊರು ಒಕಾಡ ಅವರು ತರುವಾಯ ಹೇಳಿರುವಂತೆ, ಯೊಕೊಯಿ ಅವರ ಮೊದಲ ಕಲ್ಪನೆ ಗೇಮ್ ಅಂಡ್ ವಾಚಿನ ಜಾತಿಯ ಸರಳ ಆಟಿಕೆಯೇ ಆಗಿದ್ದಿತು. ಬಹುಕಾಲ ಬಾಳುವ, ಹೊಸ ಆಟಗಳನ್ನು ಸತತವಾಗಿ ಸ್ವೀಕರಿಸಬಲ್ಲ ಯಂತ್ರ ಬೇಕೆಂದು ಒಕಾಡ ವಾದಿಸಿದರು. ಕಡೆಗೆ ಯೊಕೊಯಿ ಒಪ್ಪಿದರು. ಆದುದರಿಂದ ಮಿತವ್ಯಯ ಒಬ್ಬರದು, ಮಹತ್ತ್ವಾಕಾಂಕ್ಷೆ ಇನ್ನೊಬ್ಬರದು. ಈ ಎರಡರ ಜಗ್ಗಾಟದಿಂದ ಯಂತ್ರದ ರೂಪ ನಿಂತಿತೆಂದು ನಾವು ತಿಳಿಯಬೇಕು.

1989ನೆಯ ಏಪ್ರಿಲ್ 21ರಂದು ಈ ಯಂತ್ರ ಜಪಾನಿನಲ್ಲಿ 12,500 ಯೆನ್ ಬೆಲೆಗೆ ಮಾರಾಟಕ್ಕೆ ಬಂದಿತು. ಅದರ ತೆರೆಯಲ್ಲಿ 160×144 ಬಿಂದುಗಳಿದ್ದುವು. ಬಣ್ಣವಿಲ್ಲ, ಹಸಿರು ಛಾಯೆಯ ನಾಲ್ಕು ಮಟ್ಟಗಳಷ್ಟೆ. ಹಿಂಬದಿಯ ಬೆಳಕೂ ಇಲ್ಲದುದರಿಂದ ಮಬ್ಬಿನಲ್ಲಿ ಆಡುವಂತಿರಲಿಲ್ಲ. ಎಡಗಡೆಯಲ್ಲಿದ್ದ ಕೂಡುವ ಚಿಹ್ನೆಯ ಆಕಾರದ ಗುಂಡಿ 1982ರ ಗೇಮ್ ಅಂಡ್ ವಾಚಿನಿಂದಲೇ ಬಂದುದು. ಪಕ್ಕದಲ್ಲಿ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸುವ ಕಂಡಿಯಿದ್ದಿತು.

ಅದೇ ವರ್ಷ ಅಟಾರಿ ಸಂಸ್ಥೆಯ ‘ಲಿಂಕ್ಸ್’, ಮರುವರ್ಷ ಸೆಗಾ ಸಂಸ್ಥೆಯ ‘ಗೇಮ್ ಗೇರ್’ ಬಣ್ಣದ ಬೆಳಗುವ ತೆರೆಗಳೊಡನೆ ಎದುರಾದುವು. ಗುಣಗಳ ಪಟ್ಟಿಯನ್ನಷ್ಟೇ ನೋಡಿದರೆ ಗೆಲವು ಅವುಗಳದಾಗಬೇಕಾಗಿತ್ತು. ಆದರೆ ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಬರಿದುಮಾಡುತ್ತಿದ್ದುವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಿಂದ ಹತ್ತು ಗಂಟೆಗೂ ಮಿಗಿಲಾಗಿ ನಡೆಯುತ್ತಿತ್ತು. ಸೆಲ್ಲು ಕೊಳ್ಳುವ ಹಣ ಮಗುವಿನದೋ ತಂದೆತಾಯಿಗಳದೋ ಆಗಿರುವಾಗ ಈ ಭೇದ ಅಲ್ಪವಾದುದಲ್ಲ.

ಯಂತ್ರಕ್ಕೆ ಒಪ್ಪುವ ಆಟವೂ ದೊರೆಯಿತು. ಮಾಸ್ಕೊದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೊವ್ ಅವರು 1984ರಲ್ಲಿ ರಚಿಸಿದ ‘ಟೆಟ್ರಿಸ್’ ಆಟಕ್ಕೆ ಬೇಕಾದುದು ಆಕೃತಿ, ಬಣ್ಣವಲ್ಲ. ಹೆಂಕ್ ರೋಜರ್ಸ್ ಅವರು ಮಾಸ್ಕೊಗೆ ಹೋಗಿ ಕೈಯಂತ್ರಗಳ ಹಕ್ಕನ್ನು ಪಡೆದ ಮೇಲೆ, ಅಮೆರಿಕದಲ್ಲಿ ಈ ಆಟವನ್ನು ಯಂತ್ರದೊಡನೆಯೇ ಕೊಡಲಾಯಿತು. 1996ರ ‘ಪೋಕೆಮಾನ್’ ಆಟವು ಜೋಡಣೆಯ ತಂತಿಯನ್ನು ಮಕ್ಕಳ ನಡುವಣ ವಿನಿಮಯದ ಸಾಧನವಾಗಿ ಮಾಡಿ ವೃದ್ಧ ಯಂತ್ರಕ್ಕೆ ಮರುಜೀವ ಕೊಟ್ಟಿತು. 1998ರ ಬಣ್ಣದ ಮಾದರಿಯೂ ಸೇರಿ ಒಟ್ಟು 11 ಕೋಟಿ 86 ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಾಟವಾದುವು.

ಹಾಗಾದರೆ ಹಳೆಯದೂ ಅಗ್ಗವೂ ಆದುದು ಸದಾ ಗೆಲ್ಲುವುದೆಂದು ಸಿದ್ಧಾಂತಮಾಡಬಹುದೇ? ಯೊಕೊಯಿ ಅವರ ಚರಿತ್ರೆಯೇ ಅದನ್ನು ನಿಷೇಧಿಸುತ್ತದೆ. 1995ರ ಅವರ ‘ವರ್ಚುವಲ್ ಬಾಯ್’ ಕೂಡ ಬೆಲೆಯನ್ನು ನೋಡಿ ಕೆಂಪು ಬಣ್ಣವೊಂದನ್ನೇ ಆರಿಸಿಕೊಂಡಿತು. ಆದರೆ ಅದನ್ನು ಮೇಜಿನ ಮೇಲಿಟ್ಟು ಮುಖವನ್ನು ಅದರೊಳಗೆ ಇಳಿಸಬೇಕಾಗಿತ್ತು. ಕೊಂಡೊಯ್ಯುವ ಸುಖವೂ ಜೊತೆಗಾರರ ಸಂಗವೂ ಅಲ್ಲಿ ಇಲ್ಲವಾದುವು, ಯಂತ್ರ ಸೋತಿತು. ಗೇಮ್ ಬಾಯ್ ಬಣ್ಣವನ್ನು ಬಿಟ್ಟು ಬಾಳಿಕೆಯನ್ನೂ ಸಂಗವನ್ನೂ ಉಳಿಸಿಕೊಂಡಿತು. ವರ್ಚುವಲ್ ಬಾಯ್ ಬಿಡಬಾರದುದನ್ನೇ ಬಿಟ್ಟಿತು. ಯೊಕೊಯಿ ಅವರು 1996ರಲ್ಲಿ ಸಂಸ್ಥೆಯನ್ನು ತೊರೆದು, 1997ನೆಯ ಅಕ್ಟೋಬರಿನಲ್ಲಿ ರಸ್ತೆಯ ಅಪಘಾತದಿಂದ ತೀರಿಕೊಂಡರು.

ಯಂತ್ರವೊಂದರ ಮೇಲ್ಮೆಯನ್ನು ಅದರಲ್ಲಿ ಏನೇನು ತುಂಬಿದೆಯೆಂಬುದರಿಂದ ಅಳೆಯುವುದು ಸುಲಭ. ಏನನ್ನು ಬಿಟ್ಟರು, ಯಾರ ಹಿತಕ್ಕಾಗಿ ಬಿಟ್ಟರು ಎಂಬುದನ್ನೂ ಕೇಳಿದಾಗಲೇ ಅದರ ಚರಿತ್ರೆ ಪೂರ್ಣವಾಗುವುದೆಂದು ನಾವು ಭಾವಿಸುತ್ತೇವೆ.