ದ್ರವ್ಯರಾಶಿ ರೋಹಿತ ಚಿತ್ರಣ

ದ್ರವ್ಯರಾಶಿ ರೋಹಿತ ಚಿತ್ರಣ ಅಥವಾ ಮಾಸ್ ಸ್ಪೆಕ್ಟ್ರೊಮೆಟ್ರಿ ಇಮೇಜಿಂಗ್ ಎಂಬುದು ಅಂಗಾಂಶದ ತೆಳು ಪದರದಲ್ಲಿ ಯಾವ ಅಣು ಎಲ್ಲಿದೆ ಎಂಬುದನ್ನು ನಕ್ಷೆಯಾಗಿ ತೋರಿಸುವ ವಿಶ್ಲೇಷಣಾ ವಿಧಾನ. ಯಾವ ಅಣುವನ್ನು ಹುಡುಕಬೇಕೆಂದು ಮೊದಲೇ ನಿರ್ಧರಿಸಿ ಅದಕ್ಕೆ ಗುರುತು ಹಚ್ಚುವ ಅಗತ್ಯ ಇದರಲ್ಲಿಲ್ಲ. ನೂರಾರು ಅಣುಗಳ ಹಂಚಿಕೆ ಒಂದೇ ಅಳತೆಯಲ್ಲಿ ದೊರೆಯುತ್ತದೆ. ಕ್ಯಾನ್ಸರ್ ಮುಂತಾದ ರೋಗಗಳ ನಿರ್ಣಯಕ್ಕೆ ಇದನ್ನು ಬಳಸುವ ಸಂಶೋಧನೆ ನಡೆದಿದೆ.

ಕಾರ್ಯವಿಧಾನ

ಘನೀಕರಿಸಿದ ಅಂಗಾಂಶವನ್ನು ಸುಮಾರು 10 ಮೈಕ್ರೊಮೀಟರ್ ದಪ್ಪಕ್ಕೆ ಕತ್ತರಿಸಿ ಗಾಜಿನ ಫಲಕದ ಮೇಲೆ ಇರಿಸಲಾಗುತ್ತದೆ. ಮಾಲ್ಡಿ ಎಂಬ ಬಗೆಯಲ್ಲಿ ಬೆಳಕನ್ನು ಹೀರುವ ಸಾವಯವ ಸಂಯುಕ್ತವೊಂದನ್ನು ಅದರ ಮೇಲೆ ಸಿಂಪಡಿಸಿ, ಲೇಸರ್ ಕಿರಣವನ್ನು ಬಿಂದುವಿನಿಂದ ಬಿಂದುವಿಗೆ ಹಾಯಿಸುತ್ತಾರೆ. ಹೊರಬಿದ್ದ ಅಯಾನುಗಳನ್ನು ದ್ರವ್ಯರಾಶಿ ಮತ್ತು ವಿದ್ಯುದಾವೇಶದ ಅನುಪಾತಕ್ಕೆ ತಕ್ಕಂತೆ ಉಪಕರಣವು ಬೇರ್ಪಡಿಸುತ್ತದೆ. ಹೀಗೆ ಪ್ರತಿ ಬಿಂದುವಿಗೂ ಒಂದು ರೋಹಿತ ಸಿಗುತ್ತದೆ. ಬೇಕಾದ ಅನುಪಾತವನ್ನು ಆಯ್ದುಕೊಂಡರೆ ಗಣಕವು ಅದರ ತೀವ್ರತೆಯನ್ನು ಬಣ್ಣಗಳಲ್ಲಿ ಚಿತ್ರಿಸುತ್ತದೆ. ಬಳಿಕ ಅದೇ ಪದರಕ್ಕೆ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದ ನೋಟದೊಡನೆ ಹೋಲಿಸಬಹುದು. ಈ ಹೋಲಿಕೆಯಿಲ್ಲದೆ ಬಣ್ಣದ ನಕ್ಷೆಗೆ ವೈದ್ಯಕೀಯ ಅರ್ಥ ಕಡಿಮೆ.

ಇತಿಹಾಸ

ಜೈವಿಕ ಅಂಗಾಂಶಕ್ಕೆ ಮಾಲ್ಡಿ ಚಿತ್ರಣವನ್ನು ರಿಚರ್ಡ್ ಕ್ಯಾಪ್ರಿಯೊಲಿ ಮತ್ತು ಸಂಗಡಿಗರು 1997ರಲ್ಲಿ ಪರಿಚಯಿಸಿದರು. 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ಅವರ ತಂಡ ಪ್ರಕಟಿಸಿದ ಡೆಸಿ ವಿಧಾನದಲ್ಲಿ ಲೇಸರ್ ಬದಲು ವಿದ್ಯುದಾವೇಶವುಳ್ಳ ದ್ರಾವಕದ ತುಂತುರನ್ನು ಬಳಸಲಾಗುತ್ತದೆ. ಇದಕ್ಕೆ ನಿರ್ವಾತದ ಕೋಣೆ ಬೇಡ.

ರೋಗನಿರ್ಣಯದಲ್ಲಿ ಬಳಕೆ

ಮಿದುಳಿನ ಗ್ಲಯೋಮ ಗಡ್ಡೆಗಳು ಉತ್ತಮ ಉದಾಹರಣೆ. ಐಡಿಎಚ್1 ವಂಶವಾಹಿಯಲ್ಲಿ ರೂಪಾಂತರವಿರುವ ಗಡ್ಡೆಗಳಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಸಣ್ಣ ಅಣು ಶೇಖರವಾಗುತ್ತದೆ. ಇದನ್ನು ಡೆಸಿ ಮೂಲಕ ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಗುರುತಿಸಬಹುದೆಂದು ಬಾಸ್ಟನ್‌ನ ಸಂಶೋಧಕರು 2014ರಲ್ಲಿ ತೋರಿಸಿದರು. ಗಡ್ಡೆಯ ಅಂಚು ಎಲ್ಲಿ ಮುಗಿಯುತ್ತದೆ ಎಂಬ ಶಸ್ತ್ರವೈದ್ಯರ ಪ್ರಶ್ನೆಗೆ ಇಂತಹ ಮಾಹಿತಿ ನೆರವಾಗುತ್ತದೆ. ಹೆಚ್ಚು ಕತ್ತರಿಸಿದರೆ ಮಾತು ಅಥವಾ ಚಲನೆಗೆ ಧಕ್ಕೆ, ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ.

ಮಾದರಿಯ ಸಂರಕ್ಷಣೆ

ಫಲಿತಾಂಶವು ಬಹುಮಟ್ಟಿಗೆ ಅಂಗಾಂಶವನ್ನು ಕಾಪಿಟ್ಟ ರೀತಿಯನ್ನು ಅವಲಂಬಿಸಿದೆ. ಬಯಾಪ್ಸಿಯ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸುವುದು ರೂಢಿ. ಆದರೆ ಹುದುಗಿಸುವ ಮುನ್ನ ಬಳಸುವ ಆಲ್ಕೊಹಾಲ್ ಮತ್ತು ಕ್ಸೈಲೀನ್ ಬಹುಪಾಲು ಲಿಪಿಡ್‌ಗಳನ್ನು ತೊಳೆದುಹಾಕುತ್ತವೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಇಂತಹ ಮಾದರಿಗಳಲ್ಲಿ ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಿ ಪೆಪ್ಟೈಡುಗಳ ಚಿತ್ರ ಪಡೆಯಬಹುದು, ಕಳೆದುಹೋದ ಲಿಪಿಡ್ ಮಾತ್ರ ಮರಳದು.

ಚಿತ್ರದುರ್ಗವು ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿದೆ. ಅಲ್ಲಿಂದಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಾಗಲಿ ರಾಜಧಾನಿಯ ಪ್ರಯೋಗಾಲಯಕ್ಕೆ ಫಾರ್ಮಲಿನ್ ಸೀಸೆಯನ್ನು ಸಾಮಾನ್ಯ ಉಷ್ಣತೆಯಲ್ಲೇ ಕಳುಹಿಸಬಹುದು. ಲಿಪಿಡ್ ಚಿತ್ರಣಕ್ಕಾದರೆ ಅಂಗಾಂಶವನ್ನು ಹೊರತೆಗೆದೊಡನೆ ಘನೀಕರಿಸಿ, ದಾರಿಯುದ್ದಕ್ಕೂ ಒಣಮಂಜಿನಲ್ಲಿ ಕಾಯ್ದು, ತಲುಪಿದ ಮೇಲೆ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗುತ್ತದೆ.